ಅಂಟು ಹಿಡಿಯದ ಬಾಗಿಲು

ಅರವತ್ತರ ದಶಕದ ಒಂದು ಬೇಸಿಗೆಯಲ್ಲಿ, ಕೋಟದಲ್ಲಿ ಬಾಗಿಲು ಕಿಟಕಿ ಮಾಡಿಸುತ್ತಿದ್ದ ನನ್ನ ಸೋದರಮಾವ ಬೊಂಬಾಯಿಗೆ ಹೋಗಿಬಂದ. ಹಲಗೆಗಳನ್ನು ಅಂಟಿನಿಂದಲೇ ಜೋಡಿಸುವುದನ್ನು ಅಲ್ಲಿ ನೋಡಿದನಂತೆ. ಒಂದು ಡಬ್ಬಿ ಅಂಟನ್ನೂ ತಂದ. ಇನ್ನು ಮೊಳೆ ಹೊಡೆಯುವವನು ಕಾಡುಮನುಷ್ಯ ಎಂದು ಸಾರಿದ.

ಮೊದಲ ಬಾಗಿಲು ನಮ್ಮ ಮನೆಗೆ. ಆದರೆ ನಮ್ಮ ಕಡೆ ಗೇರುಬೀಜದ ಸಿಪ್ಪೆಯ ಎಣ್ಣೆ ಕುಡಿಸದ ಮರವನ್ನು ಯಾರೂ ನಂಬುವುದಿಲ್ಲ, ಗೆದ್ದಲು ತಿನ್ನುತ್ತದೆ. ಮಾವ ಬೋಗಿ ಮರದ ಹಲಗೆಗಳಿಗೆ, ಅಂಚನ್ನೂ ಬಿಡದೆ, ಧಾರಾಳವಾಗಿ ಎಣ್ಣೆ ಬಳಿಸಿ, ಆಮೇಲೆ ಅಂಟು ಹಚ್ಚಿಸಿದ.

“ಎಣ್ಣಿ ಮೇಲೆ ಅಂಟ್ ಹಿಡಿತ್ತಾ, ಅಣ್ಣ?” ಎಂದು ಅಮ್ಮ ಕೇಳಿದಳು.

“ನಿಂಗೆ ಎಂತ ಗೊತ್ತಿತ್ತ್? ಇದ್ ಬೊಂಬಾಯಿ ಅಂಟ್.”

ನಿಲ್ಲಿಸಿದ ವಾರದಲ್ಲೇ ಬಾಗಿಲು ಹಲಗೆ ಹಲಗೆಯಾಗಿ ಬಿಚ್ಚಿಕೊಂಡಿತು. ಹಳೆಯದನ್ನು ಆಗಲೇ ಸೌದೆ ಮಾಡಿದ್ದರಿಂದ ನಾವು ಬಾಗಿಲಿನ ಜಾಗಕ್ಕೆ ಗೋಣಿ ಕಟ್ಟಿಕೊಂಡೆವು. ಮಾವ ಬಂದು ಜಗಲಿಯಲ್ಲಿ ಕೂತು, ಬೊಂಬಾಯಿಯವರೆಲ್ಲ ಮೋಸಗಾರರು ಎಂದು ಬೈದ. ಗೆದ್ದಲು ಮಾತ್ರ ಮುಟ್ಟಿಲ್ಲ ನೋಡಿ ಎಂದೂ ಹೇಳಿದ.

ಅಮ್ಮ ಅವನ ಮುಂದೆ ಒಂದು ಹಲಸಿನ ಹಣ್ಣು, ಕತ್ತಿ ತಂದಿಟ್ಟಳು. ಮಾವ ಎರಡೂ ಕೈ ಚಾಚಿದ.

“ಮೊದ್ಲ್ ಎಣ್ಣಿ ತಕಂಡ್ ಬಾ. ಹಚ್ಕಣದಿರೆ ಕೈಗೆ ಮೇಣ ಅಂಟತ್ತ್.”