ಕೆಂಪು ಕಾಣದ ಯಮ

ನಮ್ಮ ಸೋದರಮಾವನಿಗೆ ಕೆಲಸದ ಜಾಗದಲ್ಲಿ ಯಮ ಎಂದು ಹೆಸರು. ಮನೆಯಲ್ಲಿ ಅವರ ಮಾತನ್ನು ಬೆಕ್ಕೂ ಕೇಳುವುದಿಲ್ಲ. ಆದರೂ ಆ ಹೆಸರು ಸುಮ್ಮನೆ ಬಂದದ್ದಲ್ಲ. ಹೊಸ ಔಷಧಿಗಳನ್ನು ಪರೀಕ್ಷಿಸುವ ಒಂದು ಲ್ಯಾಬಿನಲ್ಲಿ ಸತ್ತವರನ್ನು ಎಣಿಸುವುದು ಅವರ ಕೆಲಸ. ಸತ್ತವರು ಎಂದರೆ ಮನುಷ್ಯರಲ್ಲ, ಜೀವಕೋಶಗಳು.

"ಏನ್ ಯಮರಾಯ್ರೇ, ಇವತ್ತು ಎಷ್ಟು ಹೆಣ?" ಎಂದು ಬಾಗಿಲ ಕಾವಲಿನವನು ದಿನಾ ಕೇಳುತ್ತಾನಂತೆ.

"ನೀನೊಬ್ಬ ಬಾಕಿ ಇದೀಯ" ಎಂದು ಮಾವ ದಿನಾ ಅದೇ ಉತ್ತರ ಕೊಡುತ್ತಾರಂತೆ. ಇಬ್ಬರಿಗೂ ಇನ್ನೂ ಬೇಜಾರಾಗಿಲ್ಲ.

ಕೆಲಸ ಹೀಗಿದೆ. ಒಂದು ಪ್ಲಾಸ್ಟಿಕ್ ತಟ್ಟೆಯಲ್ಲಿ ಸಾಲುಸಾಲಾಗಿ ಚಿಕ್ಕ ಗುಳಿಗಳು. ಒಂದೊಂದು ಗುಳಿಯಲ್ಲೂ ಸಾವಿರಾರು ಜೀವಕೋಶಗಳು. ಅವುಗಳ ಮೇಲೆ ಔಷಧಿ ಹಾಕಿ, ಮರುದಿನ ಎರಡು ಬಣ್ಣ ಬಿಡುತ್ತಾರೆ. ಗೋಡೆಗೆ ಬಳಿಯುವ ಬಣ್ಣವಲ್ಲ. ತಕ್ಕ ಬೆಳಕು ಬಿದ್ದಾಗ ಕತ್ತಲಲ್ಲಿ ಹೊಳೆಯುವಂಥವು. ಒಂದು ಬಣ್ಣ ಎಲ್ಲ ಕೋಶಗಳ ಒಳಗೂ ಹೋಗುತ್ತದೆ, ಆದರೆ ಬದುಕಿರುವ ಕೋಶ ಮಾತ್ರ ಅದನ್ನು ಅರಗಿಸಿಕೊಂಡು ಹಸಿರಾಗಿ ಹೊಳೆಯುತ್ತದೆ. ಇನ್ನೊಂದು ಕೆಂಪು. ಬದುಕಿರುವ ಕೋಶ ಅದನ್ನು ಬಾಗಿಲಲ್ಲೇ ತಡೆದು ನಿಲ್ಲಿಸುತ್ತದೆ. ಸತ್ತದ್ದರ ಪೊರೆ ಹರಿದಿರುತ್ತದೆ. ಹೇಳುವವರು ಕೇಳುವವರು ಇಲ್ಲದ ಮನೆ ಅದು. ಕೆಂಪು ಬಣ್ಣ ನೆಟ್ಟಗೆ ನುಗ್ಗಿ ನಡುಮನೆಯಲ್ಲಿ ಕೂತುಬಿಡುತ್ತದೆ. ಹಸಿರು ಎಂದರೆ ಬದುಕಿದ್ದು, ಕೆಂಪು ಎಂದರೆ ಸತ್ತದ್ದು. ಪುಟ್ಟ ಮಗುವೂ ನೋಡಿ ಹೇಳೀತು.

ಮಾವ ಹೇಳಲಾರರು. ಅವರಿಗೆ ಬಣ್ಣಗುರುಡು. ಕೆಂಪೂ ಹಸಿರೂ ಅವರ ಕಣ್ಣಿಗೆ ಒಂದೇ ಮಾಸಲು ಕಂದು.

ಈ ಗುಟ್ಟು ಗೊತ್ತಿದ್ದದ್ದು ಮನೆಯವರಿಗೆ ಮಾತ್ರ. ಗೊತ್ತಾಗದೆ ಇರುವುದು ಹೇಗೆ? ಮಾವ ಟೊಮೆಟೊ ತಂದ ದಿನವೆಲ್ಲ ಅಡುಗೆಮನೆಯಲ್ಲಿ ಇದೇ ಗಲಾಟೆ.

"ರೀ, ಇದರಲ್ಲಿ ಒಂದಾದ್ರೂ ಹಣ್ಣಿದೆಯಾ? ಎಲ್ಲಾ ಕಾಯಿ!" ಎನ್ನುತ್ತಾರೆ ಅತ್ತೆ.

"ಒತ್ತಿ ನೋಡೇ ತಂದೆ ಕಣೇ."

"ನೀವು ಟೊಮೆಟೊ ಒತ್ತಿ ನೋಡಿದ್ರಿ, ಅಂಗಡಿಯವನು ನಿಮ್ಮನ್ನ ಒತ್ತಿ ನೋಡಿದ. ಅವನಿಗೆ ಗೊತ್ತಾಯ್ತು, ನಿಮಗೆ ಗೊತ್ತಾಗ್ಲಿಲ್ಲ."

ಒಮ್ಮೆ ಒಂದು ಕಾಲಿಗೆ ಕೆಂಪು, ಇನ್ನೊಂದಕ್ಕೆ ಹಸಿರು ಕಾಲುಚೀಲ ಹಾಕಿಕೊಂಡು ನಮ್ಮ ಮನೆಗೆ ಬಂದಿದ್ದರು. ಅಮ್ಮ ಅವರಿಗೆ ಅಕ್ಕ, ಬಿಡುತ್ತಾಳೆಯೇ? "ಲೋ, ನಿನ್ನ ಲ್ಯಾಬಿನ ಲೆಕ್ಕದಲ್ಲಿ ನಿನ್ನ ಒಂದು ಕಾಲು ಸತ್ತಿದೆ ಕಣೋ" ಎಂದಳು. ಮಾವ ಬಗ್ಗಿ ಎರಡೂ ಕಾಲು ನೋಡಿಕೊಂಡು, "ಯಾವುದು?" ಎಂದರು.

ಇಂಥವರು ಆ ಕೆಲಸಕ್ಕೆ ಸೇರಿದ್ದು ಹೇಗೆಂದರೆ, ಅವರು ಸೇರಿದ್ದು ಆ ಕೆಲಸಕ್ಕಲ್ಲ, ಬಾಟಲಿ ತೊಳೆಯುವುದಕ್ಕೆ. ಎಣಿಸುವವನು ಬಿಟ್ಟು ಹೋದಾಗ ಇವರನ್ನು ಸೂಕ್ಷ್ಮದರ್ಶಕದ ಕತ್ತಲೆ ಕೋಣೆಗೆ ಕಳಿಸಿದರು. ಬಣ್ಣ ಕಾಣುತ್ತದೆಯೇ ಎಂದು ಯಾರೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಆ ಸೂಕ್ಷ್ಮದರ್ಶಕಕ್ಕೆ ಒಂದು ತಿರುಗಣಿ ಇತ್ತು. ಎಡಕ್ಕೆ ತಿರುಗಿಸಿದರೆ ಹಸಿರು ಬೆಳಕನ್ನು ಮಾತ್ರ ಬಿಡುತ್ತಿತ್ತು, ಬಲಕ್ಕೆ ತಿರುಗಿಸಿದರೆ ಕೆಂಪನ್ನು ಮಾತ್ರ. ಮಾವನಿಗೆ ಬಣ್ಣ ಬೇಕೇ ಇರಲಿಲ್ಲ. ಎಡಕ್ಕೆ ತಿರುಗಿಸಿ ಮಿನುಗುವ ಚುಕ್ಕಿ ಎಣಿಸಿದರೆ ಬದುಕಿದವರು, ಬಲಕ್ಕೆ ತಿರುಗಿಸಿ ಎಣಿಸಿದರೆ ಸತ್ತವರು. ಹೀಗೇ ವರ್ಷಗಳು ಕಳೆದವು. ಯಮಪದವಿ ಗಟ್ಟಿಯಾಯಿತು.

ಆಮೇಲೆ ಹೊಸ ಯಂತ್ರ ಬಂತು. ಹಳೆಯ ಸೂಕ್ಷ್ಮದರ್ಶಕ ಮುರುಕು ಕುರ್ಚಿಗಳ ಜೊತೆ ಉಗ್ರಾಣ ಸೇರಿತು. ಹೊಸದು ಎರಡು ಬಣ್ಣವನ್ನೂ ಒಟ್ಟಿಗೇ ದೊಡ್ಡ ಪರದೆಯ ಮೇಲೆ ತೋರಿಸುತ್ತಿತ್ತು. ಎಣಿಕೆಯನ್ನೂ ತಾನೇ ಮಾಡುತ್ತಿತ್ತು. ಆದರೆ ಅದು ಎಣಿಸಿದ್ದು ಸರಿಯೋ ಇಲ್ಲವೋ ಎಂದು ಪರದೆ ನೋಡಿ ಹೇಳಲು ಒಬ್ಬ ಮನುಷ್ಯ ಬೇಕು. ಆ ಮನುಷ್ಯ ಮಾವ. ಸೋಮವಾರ ಔಷಧಿ ಕಂಪನಿಯವರು ನೋಡಲು ಬರುತ್ತಾರೆ, ನೀವೇ ನಡೆಸಿ ತೋರಿಸಬೇಕು ಎಂದು ಲ್ಯಾಬಿನ ಯಜಮಾನಿ ಹೇಳಿದರು. ಅವರನ್ನು ಎಲ್ಲರೂ ಮೇಡಂ ಎನ್ನುವುದು.

ಮಾವನಿಗೆ ಊಟ ಸೇರಲಿಲ್ಲ. "ಗೊತ್ತಾದ್ರೆ ಮತ್ತೆ ಬಾಟಲಿ ತೊಳೆಯೋದೇ. ಇಲ್ಲಾ ಅಂದ್ರೆ ಮನೆ" ಎಂದರು.

"ಮನೆ ಬೇಡಪ್ಪಾ, ಇಲ್ಲಿ ನೀವು ಈಗಿರೋಷ್ಟು ಹೊತ್ತೇ ಸಾಕು. ಬಣ್ಣ ಬಿಟ್ಟು ಬೇರೆ ಏನಾದ್ರೂ ಗುರುತು ಇಲ್ವಾ?" ಎಂದು ಅತ್ತೆ ಕೇಳಿದರು.

ಇತ್ತು. ಹಸಿರು ಇಡೀ ಕೋಶ ತುಂಬಿಕೊಳ್ಳುತ್ತದೆ, ಹಾಗಾಗಿ ಚುಕ್ಕಿ ದೊಡ್ಡದು. ಕೆಂಪು ನಡುವಿನ ಬೀಜಕ್ಕೆ ಮಾತ್ರ ಹತ್ತುತ್ತದೆ, ಹಾಗಾಗಿ ಚಿಕ್ಕದು. ದೊಡ್ಡದು ಬದುಕಿದ್ದು, ಚಿಕ್ಕದು ಸತ್ತದ್ದು. ಮಾವ ಎರಡನೇ ಸಲ ಅನ್ನ ಬಡಿಸಿಕೊಂಡರು.

ಸೋಮವಾರ ಕಂಪನಿಯಿಂದ ಇಬ್ಬರು ಬಂದರು. ಯಂತ್ರ ಕೂಡಿಸಿದ ರಿಪೇರಿಯವನೂ ಬಂದು ಮೂಲೆಯಲ್ಲಿ ನಿಂತಿದ್ದ. ಅಲ್ಲಿಗೆ ಎಲ್ಲ ಸರಿಯಿತ್ತು. ಎಡವಟ್ಟಾದದ್ದು ಕಂಪನಿಯವರು ತಮ್ಮದೇ ಕೋಶಗಳನ್ನು ತಂದದ್ದರಿಂದ. ಅವು ರಕ್ತದ ಬಿಳಿ ಕೋಶಗಳು. ಸಣ್ಣವು, ದುಂಡಗಿನವು, ಒಳಗಿನ ಬೀಜವೇ ಹೊಟ್ಟೆ ತುಂಬ. ಬದುಕಿದ್ದಾಗಲೂ ಗುಂಡು, ಸತ್ತಾಗಲೂ ಅದೇ ಗುಂಡು.

ಪರದೆ ಬೆಳಗಿತು. ಎಲ್ಲ ಚುಕ್ಕಿಗಳೂ ಒಂದೇ ಅಳತೆ. ದೊಡ್ಡದೋ ಚಿಕ್ಕದೋ ಎನ್ನಲು ಪಕ್ಕದಲ್ಲಿ ಬೇರೆ ಅಳತೆಯದೊಂದು ಬೇಕಲ್ಲ?

"ಹೇಗಿವೆ ನಮ್ಮ ಕೋಶಗಳು?" ಎಂದು ಅವರಲ್ಲಿ ಹಿರಿಯರು ಕೇಳಿದರು.

ಮನೆಗೆ ಬಂದವರು ತಮ್ಮ ಮಕ್ಕಳನ್ನು ತೋರಿಸಿ ಕೇಳಿದಾಗ ಹೇಳುವ ಹಾಗೆ ಮಾವ ಹೇಳಿಬಿಟ್ಟರು: "ತುಂಬಾ ಚೆನ್ನಾಗಿವೆ ಸಾರ್. ಎಲ್ಲಾ ಆರೋಗ್ಯವಾಗಿವೆ."

ಪರದೆ ಪೂರ್ತಿ ಕೆಂಪಾಗಿತ್ತು. ಸತ್ತದ್ದು ಹೇಗೆ ಕಾಣುತ್ತದೆ ಎಂದು ಹೋಲಿಸಿ ನೋಡುವುದಕ್ಕೆಂದೇ ಅವರು ಬೆಳಗ್ಗೆ ಬಿಸಿನೀರಿನಲ್ಲಿಟ್ಟು ಬೇಯಿಸಿ ತಂದ ಕೋಶಗಳು ಅವು.

ಕೋಣೆಯಲ್ಲಿ ನಗುವೋ ನಗು. ಮೇಡಂ ಕೂಡ ನಕ್ಕು, "ಇವರಿಗೆ ತಮಾಷೆ ಸ್ವಲ್ಪ ಜಾಸ್ತಿ" ಎಂದರು. ಮಾವನೂ ಹಲ್ಲು ಕಿರಿದರು. ತಪ್ಪಿಸಿಕೊಂಡೆ ಎಂದುಕೊಂಡರಂತೆ. ಅಷ್ಟರಲ್ಲಿ ಇನ್ನೊಂದು ಗುಳಿ ಪರದೆಗೆ ಬಂತು. ಇದು ಬೆರಕೆ.

"ಇದರಲ್ಲಿ ಸತ್ತದ್ದನ್ನ ತೋರಿಸಿ" ಎಂದರು ಹಿರಿಯರು.

ಬಾಣದ ಗುರುತು ಪರದೆಯ ಮೇಲೆ ದಾರಿ ತಪ್ಪಿದ ನೊಣದ ಹಾಗೆ ಅಲೆಯಿತು. ಒಂದರ ಮೇಲೂ ಕೂರಲಿಲ್ಲ. ಊಹಿಸಿ ತೋರಿಸಿದರೆ ತಪ್ಪು ಲೆಕ್ಕ ಹೋಗುತ್ತದೆ, ನಿಜ ಹೇಳಿದರೆ ಕೆಲಸ ಹೋಗುತ್ತದೆ. ಮಾವ ಮೌಸಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಮೇಡಂ, ನನಗೆ ಕೆಂಪು ಹಸಿರು ಗೊತ್ತಾಗಲ್ಲ."

"ಗೊತ್ತಾಗಲ್ಲ ಅಂದ್ರೆ?"

"ಕಾಣಲ್ಲ. ಹುಟ್ಟಿದಾಗಿಂದ."

ಮೇಡಂ ಮುಖ ಕಪ್ಪಿಟ್ಟಿತು. ಆ ಬಣ್ಣ ಮಾವನಿಗೆ ಚೆನ್ನಾಗಿ ಕಾಣಿಸಿತು. "ಹಾಗಾದ್ರೆ ಇಷ್ಟು ವರ್ಷ ಎಣಿಸಿದ್ದು?"

"ಅದು ಸರಿಯಾಗೇ ಇದೆ ಮೇಡಂ. ಒಂದೊಂದೇ ಬೆಳಕು ಬಿಟ್ಟು ನೋಡ್ತಿದ್ದೆ. ಎಡಕ್ಕೆ ತಿರುಗಿಸಿದ್ರೆ ಬದುಕಿದ್ದು, ಬಲಕ್ಕೆ ತಿರುಗಿಸಿದ್ರೆ ಸತ್ತದ್ದು."

ಆಗ ಮೂಲೆಯಲ್ಲಿದ್ದ ರಿಪೇರಿಯವನಿಗೆ ನಗು ತಡೆಯಲಾಗಲಿಲ್ಲ. "ಮೇಡಂ, ಬೈಬೇಡಿ. ಈ ಯಂತ್ರಕ್ಕೂ ಬಣ್ಣ ಕಾಣಲ್ಲ. ಒಳಗಿರೋದು ಕಪ್ಪು ಬಿಳುಪು ಕ್ಯಾಮೆರಾ. ಅದೂ ಹಾಗೇ, ಒಂದೊಂದೇ ಬೆಳಕು ಬಿಟ್ಟು ಫೋಟೋ ತೆಗೆಯುತ್ತೆ. ಆಮೇಲೆ ನಾವು ಹೇಳಿದ ಬಣ್ಣ ಬಳಿಯುತ್ತೆ, ಅಷ್ಟೇ."

ಮೇಡಂ ಯಂತ್ರವನ್ನೂ ಮಾವನನ್ನೂ ಒಂದೊಂದು ಸಲ ನೋಡಿದರು. "ಅಂದ್ರೆ ಅಷ್ಟು ದುಡ್ಡು ಸುರಿದು ನಾನು ತಂದಿರೋದು ಇನ್ನೊಬ್ಬ ಯಮನನ್ನಾ?"

ರಿಪೇರಿಯವನು ಮುಂದೆ ಬಂದು ಎರಡು ಕಡೆ ಒತ್ತಿದ. ಸತ್ತವು ಹಳದಿಯಾದವು, ಬದುಕಿದವು ನೀಲಿಯಾದವು. ಮಾವ ಕುರ್ಚಿಯ ತುದಿಗೆ ಸರಿದರು. ಅಷ್ಟು ವರ್ಷ ಅವರು ಸತ್ತವರನ್ನು ಬೇರೆ, ಬದುಕಿದವರನ್ನು ಬೇರೆ ನೋಡಿದ್ದರೇ ಹೊರತು ಒಟ್ಟಿಗೆ ನೋಡಿರಲಿಲ್ಲ.

"ಅಯ್ಯೋ, ಇವರೆಲ್ಲ ಹೀಗೆ ಪಕ್ಕಪಕ್ಕದಲ್ಲೇ ಇರ್ತಿದ್ರಾ?" ಎಂದರು. ಆಮೇಲೆ ಬಾಣದ ಗುರುತು ಹಿಡಿದು ಹಳದಿಯವನ್ನು ಒಂದೂ ಬಿಡದೆ ತೋರಿಸಿದರು.

ಮೇಡಂ ಕೆಲಸದಿಂದ ತೆಗೆಯಲಿಲ್ಲ. ಹಾಗೆಂದು ಸುಮ್ಮನೆ ಬಿಡಲೂ ಇಲ್ಲ. ಆಗ ತೆಗೆದಿಟ್ಟಿದ್ದ ಫೋಟೋಗಳನ್ನು ಇಟ್ಟುಕೊಂಡು ಹಳೆಯ ಎಣಿಕೆಗಳನ್ನು ಬೇರೆಯವರಿಂದ ಮತ್ತೆ ನೋಡಿಸಿದರು. ಎಲ್ಲರೂ ಮಾಡುವಷ್ಟು ತಪ್ಪುಗಳನ್ನೇ ಮಾವನೂ ಮಾಡಿದ್ದರು. ಅದು ಮುಗಿಯುವವರೆಗೆ, ಮುಚ್ಚಿಟ್ಟ ತಪ್ಪಿಗೆ, ಯಮರಾಯರು ಬಾಟಲಿ ತೊಳೆದರು.

ಮತ್ತೆ ಯಂತ್ರದ ಮುಂದೆ ಕೂತ ದಿನ ಮಾವ ಸಂಭ್ರಮಕ್ಕೆ ಚೀಲದ ತುಂಬ ಟೊಮೆಟೊ ತಂದರು. ಅತ್ತೆ ಚೀಲ ಬಿಚ್ಚಿ ನೋಡಿ ಹಣೆ ಚಚ್ಚಿಕೊಂಡರು.

"ಆ ಅಂಗಡಿಯವನಿಗೂ ಹೇಳಬಾರದಾ? ಹಣ್ಣಿಗೆ ಹಳದಿ ಬಳಿ, ಕಾಯಿಗೆ ನೀಲಿ ಬಳಿ ಅಂತ?"

"ಹೇಳಿದೆ ಕಣೇ" ಎಂದರು ಮಾವ. "ಅವನು ನನ್ನನ್ನೇ ಒತ್ತಿ ನೋಡಿದ."