ನಾಣ್ಯದ ಮೇಲಿನ ಬೆರಳು

ಮಾದೇವಿ, ತಾಯಿಯದೆಂದು ನೀನು ಇಷ್ಟು ವರ್ಷ ಕಣ್ಣಿಗೊತ್ತಿಕೊಂಡ ಆ ಬೆರಳ ಗುರುತು ನನ್ನದು. ನಿನ್ನ ತಾಯಿಯದನ್ನು ನಾನು ತೊಳೆದುಹಾಕಿದೆ. ಇಷ್ಟನ್ನು ಬರೆಯಲು ನನಗೆ ಹದಿನೆಂಟು ವರ್ಷ ಬೇಕಾಯಿತು.

ಅದು ಯುದ್ಧದ ಕಾಲ. ನಾನು ಹೊನ್ನಾವರದಲ್ಲಿ ಶಾಲಾ ಮಾಸ್ತರ. ಮುಂಬಯಿಯಿಂದ ಬಂದ ಪರಿಚಯದವನೊಬ್ಬ ಅಗ್ಗಕ್ಕೆ ಕೊಟ್ಟ ಡಬ್ಬಿ ಕ್ಯಾಮೆರಾ ಒಂದಿತ್ತು. ಹಳೆಯ ನಾಣ್ಯಗಳ ಹುಚ್ಚೂ ಇತ್ತು. ಕೊಳ್ಳುವ ಶಕ್ತಿಯಿಲ್ಲ, ಚಿತ್ರವಾದರೂ ಇರಲಿ ಎಂದು ಕಂಡವರ ಮನೆಯ ನಾಣ್ಯಗಳನ್ನು ಕಾಡಿ ಬೇಡಿ ತರುತ್ತಿದ್ದೆ. ಹೊಳೆ ನಡುವಿನ ಮಾವಿನಕುರ್ವೆಯ ನಿಮ್ಮ ಮನೆಯಲ್ಲಿ ಆನೆಯ ಚಿತ್ರದ ದೊಡ್ಡ ತಾಮ್ರದ ನಾಣ್ಯವಿದೆ ಎಂದು ಕೇಳಿ ಬಂದೆ. ನಿಮ್ಮ ಮನೆಯ ಪದ್ಧತಿ ನಿನಗೆ ಗೊತ್ತೇ ಇದೆ — ಹೊಸ ಸೊಸೆ ಹೊಸಿಲು ದಾಟಿದೊಡನೆ ಅರಿಶಿನ ಕಲಸಿದ ಅಕ್ಕಿಹಿಟ್ಟಿನಲ್ಲಿ ಹೆಬ್ಬೆರಳು ಅದ್ದಿ ನಾಣ್ಯಕ್ಕೆ ಒತ್ತಬೇಕು. ಮುಂದಿನ ಸೊಸೆ ಬರುವವರೆಗೆ ಅದನ್ನು ತೊಳೆಯುವಂತಿಲ್ಲ. ನಿನ್ನನ್ನು ಹೆತ್ತು ನಿನ್ನ ತಾಯಿ ತೀರಿಕೊಂಡು ಆಗ ಮೂರು ತಿಂಗಳು. ಅವಳದೊಂದು ಫೋಟೋ ಕೂಡ ಇರಲಿಲ್ಲ. ನಿನ್ನ ಅಜ್ಜಿ ನಿನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡೇ ನಾಣ್ಯ ಕೊಟ್ಟರು.

"ನೀರು ಮಾತ್ರ ತಾಗ್ಸಬೇಡಿ ಮಾಸ್ತರ್ರೆ. ಕೂಸಿಗೆ ಅಬ್ಬೆದು ಅಂತ ಉಳ್ದದ್ದು ಇದೊಂದೇಯ."

"ಆತು" ಎಂದೆ.

ಹೊನ್ನಾವರದ ನನ್ನ ಮನೆಗೆ ತಂದು, ಗಾಜಿನ ಹೆಂಚಿನಿಂದ ಬಿಸಿಲು ಓರೆಯಾಗಿ ಬೀಳುವ ಜಾಗದಲ್ಲಿ ಕೊಡೆಯ ಕಪ್ಪು ಬಟ್ಟೆ ಹಾಸಿ ನಾಣ್ಯ ಇಟ್ಟೆ. ಎದುರು ಬದಿಗೆ ಕ್ಷೌರದ ಕನ್ನಡಿ, ಕ್ಯಾಮೆರಾದ ಕಣ್ಣಿಗೆ ಕಟ್ಟಿದ ಭೂತಗನ್ನಡಿ — ಇಷ್ಟೇ ನನ್ನ ಸಲಕರಣೆ. ಒಂದು ಚಿತ್ರ ತೆಗೆದೆ. ಆದರೆ ಆನೆಯ ಅರ್ಧ ಮೈ ಒಣಗಿದ ಹಿಟ್ಟಿನಡಿ ಮುಚ್ಚಿಹೋಗಿತ್ತು. ರೀಲಿನಲ್ಲಿ ಉಳಿದದ್ದು ಇನ್ನೊಂದೇ ಚಿತ್ರಕ್ಕೆ ಜಾಗ. ಕಲಿತವನೆಂಬ ಜಂಬ ನನಗೆ — ಇದೆಂಥ ಮೂಢತನ, ಆಮೇಲೆ ಬಳಿದರಾಯಿತು ಎಂದುಕೊಂಡು ಹುಣಸೆಹಣ್ಣು ಹಾಕಿ ತಿಕ್ಕಿದೆ. ಆನೆ ಥಳಥಳ ಹೊಳೆಯಿತು. ಎರಡನೆಯ ಚಿತ್ರವೂ ಆಯಿತು. ಬಳಿಕ ಅರಿಶಿನ, ಹಿಟ್ಟು ಕಲಸಿದೆ. ನನ್ನ ಹೆಬ್ಬೆರಳು ಹೆಂಗಸಿನದಕ್ಕಿಂತ ದೊಡ್ಡದಾದೀತೆಂದು ತೋರುಬೆರಳು ಒತ್ತಿದೆ. ಅಷ್ಟು ಲೆಕ್ಕ ಹಾಕಿ ಮೋಸ ಮಾಡಿದೆ, ನೋಡು. ಒಣಗಿದ ಮೇಲೆ ನಾಣ್ಯವನ್ನು ನಿನ್ನ ಅಜ್ಜಿಗೆ ಮರಳಿಸಿದೆ.

ಕುಮಟೆಯ ಸ್ಟುಡಿಯೋದಲ್ಲಿ ಚಿತ್ರಗಳು ಕೈಗೆ ಬಂದಾಗ — ಆನೆಯನ್ನು ನಾನು ಸರಿಯಾಗಿ ನೋಡಲೇ ಇಲ್ಲ. ಮೊದಲನೆಯ ಚಿತ್ರದಲ್ಲಿ, ಆ ಓರೆ ಬಿಸಿಲಿಗೆ, ನಿನ್ನ ತಾಯಿಯ ಬೆರಳಿನ ಒಂದೊಂದು ಗೆರೆಯೂ ಎದ್ದು ನಿಂತಿತ್ತು. ಸಮುದ್ರದ ಇಳಿತದಲ್ಲಿ ಹೊಯ್ಗೆಯ ಮೇಲೆ ನೀರು ಬಿಟ್ಟುಹೋಗುವ ಗೆರೆಗಳ ಹಾಗೆ, ಸುತ್ತಿ ಸುತ್ತಿ ನಡುವಿಗೆ ಸೇರುತ್ತಿದ್ದವು. ಅಡ್ಡಕ್ಕೊಂದು ಸಣ್ಣ ಗಾಯದ ಕಲೆ — ಮೀನು ಕೊಯ್ಯುವಾಗ ಆದದ್ದೋ ಏನೋ. ದೇವರು ದಿಂಡರೆಂದರೆ ನಗುತ್ತಿದ್ದವನು ನಾನು. ತೀರಿಹೋದ ಹೆಣ್ಣುಮಗಳು ಅಂಗೈಯಗಲದ ಆ ಕಾಗದದಿಂದ ಈಗಷ್ಟೇ ಬೆರಳೆತ್ತಿದಂತಿತ್ತು. ಅಂಥದ್ದನ್ನು ಜೀವಮಾನದಲ್ಲಿ ನಾನು ಮತ್ತೆ ಕಂಡಿಲ್ಲ. ನನಗರಿವಿಲ್ಲದೆ ಅಲ್ಲೇ ಚಪ್ಪಲಿ ಕಳಚಿ ನಿಂತಿದ್ದೆ.

ಅವತ್ತೇ ತಂದು ಕೊಡಬಹುದಿತ್ತು. ಕೊಟ್ಟರೆ ಚಿತ್ರವನ್ನೂ ನಾಣ್ಯವನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ, ಮೋಸ ಬಯಲಾಗುತ್ತದೆ ಎಂದು ಬಚ್ಚಿಟ್ಟೆ. ನಿನ್ನ ಅಪ್ಪ ಮತ್ತೆ ಮದುವೆಯಾಗಲಿಲ್ಲ, ನಾಣ್ಯ ತೊಳೆಯುವ ಪ್ರಸಂಗವೂ ಬರಲಿಲ್ಲ. ನೀನು ಜ್ವರದಲ್ಲಿ ಮಲಗಿದಾಗ ಅದನ್ನು ಹಣೆಗೆ ಒತ್ತಿಕೊಂಡದ್ದನ್ನು ಕಣ್ಣಾರೆ ಕಂಡಿದ್ದೇನೆ. ಕಂಡೂ ಚಿತ್ರವನ್ನು ಹೊರತೆಗೆಯಲಿಲ್ಲ.

ಮೊನ್ನೆ ಮದುವೆಗೆ ಕರೆಯಲು ಬಂದವಳು ನಗುನಗುತ್ತ ಹೇಳಿದೆ: "ಅಬ್ಬೆ ಬೆರಳು ನಂಗೇ ಅಂದೀರು ಅಜ್ಜಿ. ಗಂಡನ ಮನೆಗೂ ತಕಂಡೇ ಹೋತೆ."

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ದೋಣಿ ಹತ್ತಿ ಬಂದು, ಅಜ್ಜಿಯ ಎದುರಿಗೇ ಓದಿ ಹೇಳಿ, ಚಿತ್ರವನ್ನು ನಿನ್ನ ಕೈಗೆ ಕೊಡುತ್ತೇನೆ. ನೀನು ಬೈದರೂ ಸರಿ, ಮತ್ತೆಂದೂ ನನ್ನ ಮುಖ ನೋಡದಿದ್ದರೂ ಸರಿ. ನಿನ್ನ ತಾಯಿ ಇರುವುದು ಆ ಚಿತ್ರದಲ್ಲಿ. ನಾಣ್ಯವನ್ನು ತೊಳೆದುಬಿಡು ಮಗಾ, ಅದರ ಮೇಲಿರುವವನು ನಿನಗೆ ಯಾರೂ ಅಲ್ಲ.