ಕಪಿತೊಲಿನಾಳ ನಾಲಿಗೆ

ವೊಲೊಗ್ದಾ ಸೀಮೆಯ ಪೈನ್ ಕಾಡಿನಂಚಿನ ಆ ಊರಲ್ಲಿ ಅಣಬೆ ಪೀಪಾಯಿಗೆ ಮುಚ್ಚಳ ಬೀಳಬೇಕಾದರೆ ಮೊದಲು ಕಪಿತೊಲಿನಾ ಹೂಂ ಅನ್ನಬೇಕು. ಐವತ್ತು ವರ್ಷದಿಂದ ಹೀಗೇ. ಹೆಂಗಸರು ಅವಳ ಬಾಗಿಲಲ್ಲಿ ಬುಟ್ಟಿ ಇಳಿಸುತ್ತಾರೆ. ಅವಳು ಅನುಮಾನದ ಅಣಬೆಯನ್ನು ಕೊಯ್ದು, ಒಸರುವ ಹಾಲನ್ನು ನಾಲಿಗೆಗೆ ಮುಟ್ಟಿಸಿ, ಮೂವತ್ತು ಎಣಿಸಿ ಉಗುಳುತ್ತಾಳೆ. ಕೇಸರಿ ಹಾಲಿನ ರೀಝಿಕ್ ಆದರೆ ತೊಳೆಯುವುದಿಲ್ಲ, ಬೇಯಿಸುವುದಿಲ್ಲ, ಬಟ್ಟೆಯಲ್ಲಿ ಒರೆಸಿ ಹಸಿಯಾಗಿಯೇ ಉಪ್ಪಿಗೆ ಹಾಕುವುದು. ಬಿಳಿ ಹಾಲಿನ, ನಾಲಿಗೆ ಉರಿಸುವ ಗೊರ್ಕುಶ್ಕಾ ಒಂದು ಹಿಡಿ ಸೇರಿತೋ, ಇಡೀ ಚಳಿಗಾಲದ ಪೀಪಾಯಿ ಕೆಟ್ಟಂತೆ.

ಈಗ ಅವಳಿಗೆ ಎಪ್ಪತ್ತಮೂರು. ಕಣ್ಣಿಗೆ ಪೊರೆ ಬಂದು ಎಲ್ಲ ಹಾಲೂ ಒಂದೇ ಬಣ್ಣ. ನಾಲಿಗೆಯೊಂದಿತ್ತು, ಹೋದ ಚಳಿಗಾಲದ ಜ್ವರ ಅದರ ರುಚಿಯನ್ನೂ ಕಿತ್ತುಕೊಂಡು ಹೋಯಿತು. ಯಾರಿಗೂ ಬಾಯಿಬಿಡಲಿಲ್ಲ. ಗಂಡ ತೀರಿಹೋಗಿದ್ದ, ಹಸುವನ್ನೂ ಮಾರಿದ್ದಾಗಿತ್ತು. ಊರು ಅವಳನ್ನು ಕೇಳಿಕೊಂಡು ಬರುತ್ತಿದ್ದದ್ದು ಇದೊಂದಕ್ಕೇ. ಹೀಗೆ ನಟಿಸಿ ನಟಿಸಿ ಅವಳಿಗೆ ಸಾಕುಸಾಕಾಗಿತ್ತು.

ಅಂದು ಮನೆಯದೇ ಬುಟ್ಟಿ. ಒಂದನ್ನು ಕೊಯ್ದು ನೆಕ್ಕಿ, "ಒಳ್ಳೇದು, ಹಾಕು" ಅಂದಳು.

ಸೊಸೆ ರೈಸಾ ಮರಗಳೇ ಇಲ್ಲದ ಬಯಲಿನವಳು. ಅತ್ತೆಯ ಬಾಯಲ್ಲಿ ಇಪ್ಪತ್ತು ವರ್ಷದಿಂದ "ಅಣಬೆ ಕಾಣದೋಳು". ಯಾಕೋ ಅವಳೂ ಅದೇ ಚೂರಿಗೆ ನಾಲಿಗೆ ತಾಗಿಸಿದಳು. ತುಸು ಹೊತ್ತಿಗೆ ಥೂ ಎಂದು ಉಗಿದಳು.

"ಉರೀತಿದೆ ಅತ್ತೆ! ಸಾಸಿವೆ ತಿಕ್ಕಿದಂಗಿದೆ. ನಿಮಗೇನೂ ಅನ್ನಿಸ್ಲಿಲ್ವಾ?"

ಕಪಿತೊಲಿನಾ ಚಾಕು ಕೆಳಗಿಟ್ಟಳು. ನಿನ್ನೆ ತಾನೇ ಗೆಳತಿ ಎವ್‌ಸ್ತೋಲಿಯಾಳ ನಾಲ್ಕು ಬುಟ್ಟಿಗೆ ಹೂಂ ಅಂದಿದ್ದಳು. ಆ ಮನೆಯಲ್ಲಿ ಏಳು ಬಾಯಿ. ಶಾಲು ಹೊದ್ದು ಹೊರಟೇಬಿಟ್ಟಳು. ಕೆಸರಿನ ದಾರಿಯಲ್ಲಿ ಮೂರು ಕಡೆ ಬೇಲಿ ಹಿಡಿದು ನಿಲ್ಲಬೇಕಾಯಿತು.

"ಎವ್‌ಸ್ತೋಲಿಯಾ, ಪೀಪಾಯಿ ಬಿಚ್ಚು. ನನ್ನ ನಾಲಿಗೆ ಸತ್ತು ಎಂಟು ತಿಂಗಳಾಯ್ತು. ನಿನ್ನ ಅಣಬೇನ ಸುಮ್ನೆ ನೆಕ್ಕಿ ಕಳಿಸ್ದೆ."

ಎವ್‌ಸ್ತೋಲಿಯಾ ಒಲೆಯ ಮುಂದಿನಿಂದ ಏಳಲೂ ಇಲ್ಲ. "ಕೂತ್ಕೋ ಮಾರಾಯ್ತಿ. ಗೊತ್ತು. ಎರಡು ಸಲ ಉಪ್ಪು ಬಿದ್ದ ಸಾರನ್ನ ನಮ್ಮನೇಲಿ ಬಟ್ಟಲು ತುಂಬ ಕುಡಿದ್ಯಲ್ಲ, ಅವತ್ತೇ ಗೊತ್ತಾಯ್ತು. ನಾವೆಲ್ಲ ಮನೇಲೇ ಆರಿಸಿಕೊಂಡು ತರ್ತಿದ್ವಿ."

ಪೀಪಾಯಿ ಉಳಿಯಿತೆಂದು ಕಪಿತೊಲಿನಾಳಿಗೆ ಸಮಾಧಾನವಾಗಬೇಕಿತ್ತು. ಬದಲಿಗೆ ನಾಚಿಕೆಯಿಂದ ಅವಳ ಮುಖ ಸುಟ್ಟಂತಾಯಿತು.

"ಮತ್ಯಾಕ್ರೇ ಈ ಕೆಸರಲ್ಲಿ ಅಷ್ಟು ಭಾರ ಹೊತ್ಕೊಂಡು ಬರ್ತಿದ್ರಿ?"

"ನೀನು ಬೆಳಿಗ್ಗೆಯಿಂದ ಚಾಕು ಹಿಡ್ಕೊಂಡು ಬಾಗಿಲಲ್ಲಿ ಕಾಯ್ತಾ ಕೂತಿರ್ತಿದ್ಯಲ್ಲೇ."

 ಕಪಿತೊಲಿನಾ ಬೆಂಚಿನ ಮೇಲೆ ಕಾಲು ಚಾಚಿದಳು.

"ನಾಳೆಯಿಂದ ರೈಸಾ ಹತ್ರ ತನ್ನಿ. ಆರಿಸದೇ ತನ್ನಿ. ನಾನು ಸ್ವಲ್ಪ ಮಲಗ್ತೀನಿ."